ಮನೆ ಖರ್ಚು ಯಾರು ನೋಡಿಕೊಂಡರು?

ಕಂಪನಿಗಳಿಗೆ ಸ್ಮರಣ ಸಂಚಿಕೆ ಬರೆದುಕೊಡುವ ಕೆಲಸವೊಂದಿದೆ. ಬೆಳ್ಳಿಹಬ್ಬ, ಚಿನ್ನದ ಹಬ್ಬ, ಸಂಸ್ಥಾಪಕರಿಗೆ ಎಪ್ಪತ್ತೈದು ತುಂಬಿದ ಸಮಾರಂಭ, ಇಂಥ ಹೊತ್ತಿನಲ್ಲಿ ನುಣುಪು ಕಾಗದದ ಮೇಲೆ ಅಚ್ಚಾಗಿ, ಊಟ ಮುಗಿಸಿ ಎದ್ದವರ ಕೈಗೆ ತಾಂಬೂಲದ ಚೀಲದ ಜೊತೆ ಸೇರುವ ಪುಸ್ತಕ. ಓದುವವರು ಕಡಿಮೆ, ತಮ್ಮ ಫೋಟೊ ಇದೆಯೇ ಎಂದು ಹುಡುಕುವವರೇ ಹೆಚ್ಚು. ಪತ್ರಿಕೆಯ ವಾಣಿಜ್ಯ ಪುಟ ಬಿಟ್ಟ ಮೇಲೆ ನನ್ನ ಜೀವನ ನಡೆಯುತ್ತಿರುವುದು ಬಹುಮಟ್ಟಿಗೆ ಇದರಿಂದಲೇ. ಯಜಮಾನರ ಎದುರು ಕೂತು ಮಾತನಾಡಿಸುವುದು, ಬರೆಯುವುದು, ಕರಡನ್ನು ಮನೆಯವರಿಗೆ ಕಳಿಸುವುದು, ಅವರು ಹೊಡೆದುಹಾಕಿದ್ದನ್ನು ಬಿಟ್ಟು ಉಳಿದದ್ದನ್ನು ಅಚ್ಚಿಗೆ ಕೊಡುವುದು, ಇಷ್ಟೇ ಕೆಲಸ.

ಈ ಬರಹ ಆ ಹೊಡೆದುಹಾಕಿದ ಸಾಲುಗಳ ಬಗ್ಗೆ.

ಬಡತನವನ್ನು ಯಾರೂ ಹೊಡೆದುಹಾಕುವುದಿಲ್ಲ. ಬರಿಗಾಲಲ್ಲಿ ಶಾಲೆಗೆ ನಡೆದದ್ದು, ಹೋಟೆಲಿನ ಅಡುಗೆಮನೆಯ ಹಿಂದೆ ಗೋಣಿಚೀಲ ಹಾಸಿಕೊಂಡು ಮಲಗಿದ್ದು, ಅಮ್ಮ ತನ್ನ ಪಾಲಿನ ಗಂಜಿಯನ್ನು ಮಕ್ಕಳಿಗೆ ಬಡಿಸಿದ್ದು, ಇವೆಲ್ಲ ಹಾಗೆಯೇ ಉಳಿಯುತ್ತವೆ. ಕೆಲವೊಮ್ಮೆ 'ಇದನ್ನು ಇನ್ನೂ ಸ್ವಲ್ಪ ವಿಸ್ತರಿಸಿ' ಎಂಬ ಸೂಚನೆಯೂ ಬರುತ್ತದೆ. ಹೋಗುವುದು ಬೇರೆ ಸಾಲುಗಳು. ಮಾವನ ಮನೆಯಿಂದ ಬಂದ ಹಣ. ಅಡವಿಟ್ಟು ಬಿಡಿಸಿಕೊಳ್ಳಲಾಗದೆ ಹೋದ ಅವಲಕ್ಕಿ ಸರ. ಮೊದಲ ಹತ್ತು ವರ್ಷ ಜೊತೆಗಿದ್ದು ಆಮೇಲೆ ಪಾಲು ತೆಗೆದುಕೊಂಡು ಹೊರಹೋದ ತಮ್ಮ. ಮಾರುಕಟ್ಟೆಗೆ ಬಿಟ್ಟು ಮೂರೇ ತಿಂಗಳಲ್ಲಿ ಗೋದಾಮಿಗೆ ವಾಪಸಾದ ಸರಕು. ಎಲ್ಲಕ್ಕಿಂತ ಮೊದಲು, ಬಡ್ಡಿಯ ದರ. ಸಾಲ ಮಾಡಿದೆವು ಎಂಬುದನ್ನು ಹೇಗೋ ಒಪ್ಪುತ್ತಾರೆ. ನೂರಕ್ಕೆ ಎಷ್ಟು ಬಡ್ಡಿ ಕಟ್ಟಿದಿರಿ ಎಂದರೆ ಸಭೆ ಮೌನ.

ಕುಂದಾಪುರದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಹೋಟೆಲು ನಡೆಸಿದ ಹಿರಿಯರೊಬ್ಬರು ರೆಕಾರ್ಡರ್ ಆರಿಸಿದ ಮೇಲೆ ನನಗೆ ಹೇಳಿದ್ದು ಹೀಗೆ: "ಹೋಟೆಲು ನಾನು ಮಾಡಿದ್ದಲ್ಲ ಮಾರಾಯರೇ, ತರಕಾರಿಯವನು ಮಾಡಿಸಿದ್ದು." ವಿವರಿಸಿ ಎಂದೆ. ಗಿರಾಕಿ ಕಾಫಿ ಕುಡಿದ ಕೂಡಲೇ ಗಲ್ಲಾಕ್ಕೆ ದುಡ್ಡು ಹಾಕುತ್ತಾನೆ. ತರಕಾರಿ, ಹಾಲು, ಕಟ್ಟಿಗೆ, ದಿನಸಿಯವರಿಗೆ ಲೆಕ್ಕ ಚುಕ್ತಾ ಆಗುವುದು ತಿಂಗಳಿಗೊಮ್ಮೆ, ಕೆಲವರಿಗೆ ಅದಕ್ಕೂ ತಡವಾಗಿ. ನಡುವಿನ ಆ ದಿನಗಳಲ್ಲಿ ಕೈಯಲ್ಲಿ ಓಡಾಡುವ ಹಣವೇ ಅವರ ಬಂಡವಾಳ. ಎರಡನೆಯ ಹೋಟೆಲಿನ ಮುಂಗಡವನ್ನು ಅವರು ಕಟ್ಟಿದ್ದು ಮೊದಲ ಹೋಟೆಲಿನ ತರಕಾರಿ ಬಾಕಿಯಿಂದ. ತರಕಾರಿಯವನಿಗೂ ಇದು ಗೊತ್ತಿತ್ತು. ಹೋಟೆಲು ದೊಡ್ಡದಾದರೆ ತನ್ನ ವ್ಯಾಪಾರವೂ ದೊಡ್ಡದಾಗುತ್ತದೆ ಎಂದು ಸುಮ್ಮನಿದ್ದ. ಒಂದು ಉದ್ಯಮ ಹೇಗೆ ನಿಂತಿತು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಯಾವ ಮ್ಯಾನೇಜ್‌ಮೆಂಟ್ ವಿಚಾರಸಂಕಿರಣದಲ್ಲೂ ಕೇಳಿಲ್ಲ. ಕರಡಿನಲ್ಲಿ ಇಡೀ ಒಂದು ಪುಟ ಬರೆದಿದ್ದೆ. ಮಗ ಹೊಡೆದುಹಾಕಿದರು. "ಸರ್, ಬಾಕಿ ಇಟ್ಟುಕೊಂಡು ಬೆಳೆದೆವು ಎಂದರೆ ಚೆನ್ನಾಗಿ ಕಾಣುವುದಿಲ್ಲ. 'ಶ್ರಮ ಮತ್ತು ಪ್ರಾಮಾಣಿಕತೆ' ಎಂದು ಹಾಕಿಬಿಡಿ." ಹಾಕಿದೆ. ಅವರ ಹಣ, ಅವರ ಪುಸ್ತಕ.

ಇಂಥ ಅನುಭವದ ನಂತರ ಉದ್ಯಮಿಗಳ ಯಾವುದೇ ಸಂದರ್ಶನ ಕೇಳಿದರೂ ನಾನು ಹುಡುಕುವುದು ಒಂದನ್ನೇ. ವ್ಯಾಪಾರ ಏಳುವ ಮೊದಲಿನ ಆ ವರ್ಷಗಳಲ್ಲಿ ಮನೆ ಬಾಡಿಗೆ ಕಟ್ಟಿದವರು ಯಾರು? ಅಕ್ಕಿ ತಂದವರು ಯಾರು? ಇದಕ್ಕೆ ನೇರವಾಗಿ ಉತ್ತರ ಕೊಟ್ಟವರನ್ನು ನಾನು ನಂಬುತ್ತೇನೆ. ದೊಡ್ಡವರಲ್ಲೂ ಅಂಥವರು ಇದ್ದಾರೆ.

ಇನ್ಫೋಸಿಸ್‌ನ ಹತ್ತು ಸಾವಿರ ರೂಪಾಯಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಸೇರಿ ಶುರು ಮಾಡಿದ ಕಂಪನಿಗೆ ನಾರಾಯಣ ಮೂರ್ತಿಯವರಿಗೆ ಹಣ ಕೊಟ್ಟವರು ಸುಧಾ ಮೂರ್ತಿ. ಆ ಮೊತ್ತವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಅದರ ಪಕ್ಕದಲ್ಲಿದ್ದ ಇನ್ನೊಂದು ಸಂಗತಿಯನ್ನು ಮರೆತಿದ್ದಾರೆ. ಸುಧಾ ಅವರಿಗೆ ಸಂಬಳ ಬರುವ ಕೆಲಸವಿತ್ತು. ಅವರು ಎಂಜಿನಿಯರು, ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟರ್ಸ್) ದುಡಿದವರು. ಗಂಡ ಕಂಪನಿ ಕಟ್ಟುವಾಗ ಮನೆಯ ಖರ್ಚನ್ನು ತಾವು ವಹಿಸಿಕೊಂಡದ್ದನ್ನು ಅವರು ಮುಚ್ಚಿಡದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ನನ್ನ ಮಟ್ಟಿಗೆ ಆ ಹತ್ತು ಸಾವಿರಕ್ಕಿಂತ ದೊಡ್ಡ ಬಂಡವಾಳ ಅದು. ಹತ್ತು ಸಾವಿರ ಒಮ್ಮೆ ಕೊಡುವುದು, ಖರ್ಚಾಗಿ ಹೋಗುವುದು. ತಿಂಗಳ ಸಂಬಳ ಪ್ರತಿ ತಿಂಗಳೂ ಬರುತ್ತದೆ, ಸೋಲಲು ಸಮಯ ಕೊಡುತ್ತದೆ. ಮೂರ್ತಿಯವರು ಅದಕ್ಕೂ ಮೊದಲು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಮಾಡಿ ಕೈ ಸುಟ್ಟುಕೊಂಡಿದ್ದರು ಎಂಬುದನ್ನೂ ಇದರ ಜೊತೆಗೇ ಓದಿಕೊಳ್ಳಬೇಕು.

ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್‌ನ ಸ್ಟರ್ನ್ ಬಿಸಿನೆಸ್ ಶಾಲೆಯ ವಿದ್ಯಾರ್ಥಿಗಳ ಮುಂದೆ ಹೇಳಿದ ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟ. 1990ರ ಚಳಿಗಾಲದ ಒಂದು ಶನಿವಾರ, ಬೆಂಗಳೂರಿನ ಕಚೇರಿಯಲ್ಲಿ ಸಂಸ್ಥಾಪಕರು ಸೇರಿದ್ದರು. ಯಾರೋ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೇಳಿದ್ದರು. ಒಂಬತ್ತು ವರ್ಷ ದುಡಿದು ಸುಸ್ತಾಗಿದ್ದ ಗೆಳೆಯರು ಮಾರಿಬಿಡೋಣ ಎಂಬ ಮನಸ್ಸಿನಲ್ಲಿದ್ದರು. ಮೂರ್ತಿಯವರು ಎಲ್ಲರ ಮಾತು ಕೇಳಿ ಕೊನೆಗೆ, ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರಂತೆ. ಕೈಯಲ್ಲಿ ಕಾಸಿರಲಿಲ್ಲ ಎಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಒಂದು ಗಂಟೆಯಲ್ಲಿ ಗೆಳೆಯರ ಮನಸ್ಸು ಬದಲಾಯಿತು. ಕೇಳುವವರು ಇದನ್ನು ಧೈರ್ಯದ ಕಥೆಯಾಗಿ ಕೇಳುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಮಾರಲು ಹೊರಟವರು. ಮನೆಗಳಲ್ಲಿ ಹೆಂಡತಿ ಮಕ್ಕಳಿದ್ದರು, ಜೊತೆ ಓದಿದವರು ಅಮೆರಿಕದಲ್ಲಿ ಸಂಬಳ ಎಣಿಸುತ್ತಿದ್ದರು, ಇಲ್ಲಿ ದೂರವಾಣಿ ಸಂಪರ್ಕಕ್ಕೂ ಕಂಪ್ಯೂಟರ್ ಆಮದಿನ ಪರವಾನಗಿಗೂ ಕಾದು ಅಲೆಯುವ ಕಾಲ. ಸಾಕಪ್ಪಾ ಅನ್ನಿಸದೇ ಇರುತ್ತದೆಯೇ? ಆ ಸಾಕಪ್ಪಾ ಎಂಬುದನ್ನು ಇಡೀ ಜಗತ್ತಿನ ಎದುರು ಒಪ್ಪಿಕೊಂಡದ್ದು ಅಪರೂಪ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಸಂಸ್ಥಾಪಕರಿಗೆ ಸುಸ್ತೇ ಆಗುವುದಿಲ್ಲ. ಅಂದ ಹಾಗೆ, ಮೂರು ವರ್ಷದ ನಂತರ, 1993ರಲ್ಲಿ, ಇನ್ಫೋಸಿಸ್ ಷೇರು ತೊಂಬತ್ತೈದು ರೂಪಾಯಿಗೆ ಸಾರ್ವಜನಿಕರ ಮುಂದೆ ಬಂದಾಗ ಪೂರ್ತಿ ಕೊಳ್ಳುವವರಿಲ್ಲದೆ ಮಾರ್ಗನ್ ಸ್ಟ್ಯಾನ್ಲಿ ಬಂದು ಎತ್ತಿಕೊಳ್ಳಬೇಕಾಯಿತು. ಈಗ ಕೇಳಿದರೆ ಎಲ್ಲರ ಅಪ್ಪಂದಿರಿಗೂ ಆ ಷೇರು ಕೊಳ್ಳಬೇಕೆಂದು ಅನ್ನಿಸಿತ್ತಂತೆ.

ಕಿರಣ್ ಮಜುಂದಾರ್ ಷಾ ಅವರದೂ ಹತ್ತು ಸಾವಿರದ ಕಥೆಯೇ: 1978, ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜು, ಇಪ್ಪತ್ತೈದರ ಹುಡುಗಿ. ಅವರು ಮುಜುಗರವಿಲ್ಲದೆ ಹೇಳುವುದು ಅದಕ್ಕೂ ಹಿಂದಿನದನ್ನು. ಅವರ ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರಾಗಿದ್ದರು. ಮಗಳೂ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ಹೋಗಿ ಅದೇ ವಿದ್ಯೆ ಕಲಿತು ಬಂದರು. ಬಂದು ನೋಡಿದರೆ ಇಲ್ಲಿನ ಯಾವ ಬಿಯರ್ ಕಾರ್ಖಾನೆಯೂ ಹೆಣ್ಣಿಗೆ ಆ ಹುದ್ದೆ ಕೊಡಲು ತಯಾರಿರಲಿಲ್ಲ. ಐರ್ಲೆಂಡಿನ ಕಂಪನಿಯೊಂದು ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದಾಗ ಇವರು ಸಿಕ್ಕರು, ಬಯೋಕಾನ್ ಹುಟ್ಟಿತು. ಮೊದಲು ಮಾಡಿದ್ದು ಪರಂಗಿಹಣ್ಣಿನ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ, ಮತ್ತು ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನಿಂದ ತೆಗೆದ ಪದಾರ್ಥ. ಬ್ಯಾಂಕಿನವರಿಗೆ ಜೈವಿಕ ತಂತ್ರಜ್ಞಾನ ಎಂದರೇನೆಂದು ಗೊತ್ತಿರಲಿಲ್ಲ, ಅಡಮಾನಕ್ಕೆ ಆಸ್ತಿಯಿರಲಿಲ್ಲ, ಬಂದವಳು ಹೆಣ್ಣು. ಮೂರರಲ್ಲಿ ಒಂದೇ ಸಾಕಿತ್ತು ಸಾಲ ನಿರಾಕರಿಸಲು.

ವೃತ್ತಿಯ ಬಗ್ಗೆ ಸಲಹೆ ಕೇಳುವ ಹುಡುಗರಿಗೆ ನಾನು ಈ ಉದಾಹರಣೆಯನ್ನೇ ಕೊಡುವುದು. 'ಕನಸಿನ ಬೆನ್ನು ಹತ್ತಿ' ಎಂದು ವೇದಿಕೆಗಳಲ್ಲಿ ಹೇಳುತ್ತಾರಲ್ಲ, ಬಯೋಕಾನ್ ಕಿರಣ್ ಅವರ ಮೊದಲ ಕನಸೇ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕೆಲಸ. ಬೇಕಾದ ಕೆಲಸ ಸಿಗದೆ, ಕಲಿತ ವಿದ್ಯೆ ಕೈಯಲ್ಲಿ ಉಳಿದು, ಆ ವಿದ್ಯೆ ಇನ್ನೆಲ್ಲಿ ಬಿಕರಿಯಾಗುತ್ತದೆ ಎಂದು ನೋಡಿದಾಗ ತೆರೆದ ಬಾಗಿಲು ಇದು. ಬಿಯರಿಗೂ ಔಷಧಕ್ಕೂ ನಡುವಿನ ಸೇತುವೆ ಹುದುಗುವಿಕೆಯ ವಿಜ್ಞಾನ. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಕಂಪನಿಯ ಮೌಲ್ಯ ನೂರು ಕೋಟಿ ಡಾಲರು ದಾಟಿತು. ಅಲ್ಲಿಗೆ ಗ್ಯಾರೇಜಿನಿಂದ ಕಾಲು ಶತಮಾನ. ಆ ಕಾಲು ಶತಮಾನವನ್ನು ಎರಡು ಗಂಟೆಯ ಮಾತುಕತೆಯಲ್ಲಿ ಹತ್ತು ನಿಮಿಷಕ್ಕೆ ಇಳಿಸಿಬಿಡುವುದು ಸಂದರ್ಶನ ಮಾಡುವವರ ಕೈಚಳಕ. ನಾನೂ ಅದೇ ಕಸುಬಿನವನಾದ್ದರಿಂದ ಬೈಯುವ ಹಕ್ಕು ಪೂರ್ತಿಯಾಗಿ ಇಲ್ಲ.

ಸೋಲನ್ನು ಹೇಳುವುದರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರನ್ನು ಮೀರಿಸಿದ ಕನ್ನಡಿಗ ಉದ್ಯಮಿಯನ್ನು ನಾನು ಕಂಡಿಲ್ಲ. ಗೊರೂರಿನವರು. 1971ರ ಯುದ್ಧ ಕಂಡ ಸೈನಿಕ. ಇಪ್ಪತ್ತರ ಕೊನೆಯಲ್ಲಿ ಸೇನೆ ಬಿಟ್ಟು ಬಂದಾಗ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನ ನೀರಿನ ಪಾಲಾಗಿತ್ತು. ಪರಿಹಾರವಾಗಿ ಸರಕಾರ ಕೊಟ್ಟದ್ದು ಜಾವಗಲ್ ಬಳಿಯ ಬರಡು ನೆಲ. ಅಲ್ಲಿ ಗುಡಾರ ಹಾಕಿಕೊಂಡು ಇದ್ದರು. ಆಮೇಲೆ ಮಾಡಿದ್ದನ್ನು ಪಟ್ಟಿ ಹಾಕಿದರೆ ಉಸಿರು ಹಿಡಿದುಕೊಳ್ಳಬೇಕು: ಹಸು, ಕೋಳಿ, ರೇಷ್ಮೆ, ಹಾಸನದಲ್ಲಿ ಮೋಟರ್‌ಸೈಕಲ್ ಮಾರಾಟ, ಹೋಟೆಲು, ನೀರಾವರಿ ಸಲಕರಣೆ, ಷೇರು ದಲ್ಲಾಳಿ ಕೆಲಸ. ನಡುವೆ 1994ರಲ್ಲಿ ವಿಧಾನಸಭೆಗೆ ನಿಂತು ಸೋತರು. ರೇಷ್ಮೆ ಕೃಷಿಯಲ್ಲಿ ಮಾಡಿದ ಪ್ರಯೋಗಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಸೇನೆಯ ಗೆಳೆಯರೊಬ್ಬರ ಜೊತೆ ಹೆಲಿಕಾಪ್ಟರ್ ಬಾಡಿಗೆಯ ವ್ಯವಹಾರ, ಅದರಿಂದ 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಸಂಸ್ಥೆ.

ಬೇರೆ ಯಾರೇ ಆಗಿದ್ದರೂ ಈ ಪಟ್ಟಿಯಿಂದ ಅರ್ಧವನ್ನು ಹೊಡೆದುಹಾಕುತ್ತಿದ್ದರು. ಮೋಟರ್‌ಸೈಕಲ್ ಮಾರುತ್ತಿದ್ದವ ವಿಮಾನಕ್ಕೆ ಹೇಗೆ ಬಂದ ಎಂಬುದಕ್ಕೆ ಒಂದು ನೇರ ಗೆರೆ ಎಳೆದುಬಿಡುತ್ತಿದ್ದರು. ಗೋಪಿನಾಥ್ ಹಾಗೆ ಮಾಡಲಿಲ್ಲ. ಒಂದು ಕೆಲಸ ಕೈಕೊಟ್ಟರೆ ಇನ್ನೊಂದು, ಅದು ಸಾಲದಿದ್ದರೆ ಪಕ್ಕದಲ್ಲೇ ಮತ್ತೊಂದು ಎಂದು ಬದುಕಿದ್ದನ್ನು ಹಾಗೇ ಇಟ್ಟರು. ಹಾಸನ ಜಿಲ್ಲೆಯ ಯಾವ ರೈತನ ಮನೆಗೆ ಹೋದರೂ ಇದೇ ಕಾಣುವುದು: ಒಂದಿಷ್ಟು ತೆಂಗು, ನಾಲ್ಕು ಹಸು, ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿ, ಒಂದು ಚೀಟಿ. ಅದಕ್ಕೆ ಯಾರೂ ಉದ್ಯಮಶೀಲತೆ ಎಂಬ ಹೆಸರಿಟ್ಟಿಲ್ಲ ಅಷ್ಟೆ.

ಏರ್ ಡೆಕ್ಕನ್ ಮಾರಾಟದ ಜಾಣತನದಲ್ಲೂ ಇದೇ ಹಳ್ಳಿಯ ಕಣ್ಣಿತ್ತು. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಕಂಪನಿಯ ಗುರುತು. ಒಂದು ರೂಪಾಯಿಯ ಟಿಕೆಟ್. ಊಟ ಬೇಕಿದ್ದರೆ ಕೊಂಡು ತಿನ್ನಿ. ಹುಬ್ಬಳ್ಳಿಯಂಥ ಊರಿಗೆ ವಿಮಾನ. ಶುರುವಾದ ಮರುತಿಂಗಳೇ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟಿದ್ದ ಉದ್ಘಾಟನಾ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ಒಳಗೆ ಕೂತಿದ್ದವರು ರಾಜಕೀಯದ ಗಣ್ಯರು, ಹೊರಗೆ ಕ್ಯಾಮೆರಾಗಳು. ಅಂಥ ದಿನದಿಂದ ಎದ್ದು ಬಂದ ಕಂಪನಿ 2006ರಲ್ಲಿ ಷೇರುಪೇಟೆಗೆ ಬಂದಾಗ ಪೇಟೆ ಕುಸಿದಿತ್ತು. ಷೇರು ವಿತರಣೆಯ ಬೆಲೆಗಿಂತ ಕೆಳಗೇ ವಹಿವಾಟು ಶುರುಮಾಡಿತು. ಮರುವರ್ಷ ದೊಡ್ಡ ಪಾಲು ವಿಜಯ್ ಮಲ್ಯ ಅವರ ಗುಂಪಿಗೆ ಹೋಯಿತು. 2012ರಲ್ಲಿ ಆ ಗುಂಪಿನ ಕಿಂಗ್‌ಫಿಷರ್ ವಿಮಾನಗಳ ಹಾರಾಟವೇ ನಿಂತಿತು. ಅಷ್ಟು ಹೊತ್ತಿಗೆ ಗೋಪಿನಾಥ್ ಸರಕು ಸಾಗಣೆಯ ವಿಮಾನ ಸಂಸ್ಥೆಯೊಂದನ್ನು ಮಾಡಿ ಅದನ್ನೂ ಮುಚ್ಚಿದ್ದರು. ಗೆದ್ದರೇ ಸೋತರೇ ಎಂದು ಯಾರಾದರೂ ಕೇಳಿದರೆ ಉತ್ತರ ನನ್ನಲ್ಲಿಲ್ಲ. ಮೊದಲ ಸಲ ವಿಮಾನ ಹತ್ತಿದ ಲಕ್ಷಾಂತರ ಜನರಿಗೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ.

ಮಾರ್ಕೆಟಿಂಗ್ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಕಡಿಮೆ. ಆ ವಿಭಾಗದ ಮುಖ್ಯಸ್ಥರ ಜೊತೆ ಕೂತರೆ ಚಿತ್ರಪಟಗಳು, ತ್ರಿಕೋನಗಳು, ಬಾಣದ ಗುರುತುಗಳು. ಅದೇ ಯಜಮಾನರ ಬಳಿ ಕೂತರೆ, ಮೊದಲ ಗಿರಾಕಿ ಯಾರು, ಅವನು ಎರಡನೆಯ ಸಲ ಯಾಕೆ ಬಂದ ಎಂಬ ಎರಡೇ ಪ್ರಶ್ನೆಗೆ ಮಧ್ಯಾಹ್ನ ಕಳೆದುಹೋಗುತ್ತದೆ. ಮೂಲ್ಕಿಯ ರಘುನಂದನ ಕಾಮತ್ ಅವರ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಹಣ್ಣು ಮಾರುವವರ ಮಗ. ಮುಂಬೈಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿಯಲ್ಲಿ ಜುಹುವಿನಲ್ಲಿ ಸ್ವಂತ ಐಸ್‌ಕ್ರೀಮ್ ಅಂಗಡಿ ತೆರೆದರು, ನ್ಯಾಚುರಲ್ಸ್. ಬರೀ ಐಸ್‌ಕ್ರೀಮ್ ತಿನ್ನಲು ಜನ ಬರುತ್ತಾರೆಂಬ ನಂಬಿಕೆ ಅವರಿಗಿರಲಿಲ್ಲ. ಹಾಗಾಗಿ ಪಾವ್ ಭಾಜಿ ಇಟ್ಟರು. ಖಾರ ತಿಂದು ನಾಲಗೆ ಉರಿಯುವವನಿಗೆ ಸೀತಾಫಲದ ತಂಪು ತಾನಾಗಿ ಬೇಕೆನಿಸುತ್ತದೆ. ಐಸ್‌ಕ್ರೀಮಿಗಾಗಿಯೇ ಜನ ಬರಲು ಶುರುವಾದ ಮೇಲೆ ಪಾವ್ ಭಾಜಿಯನ್ನು ತೆಗೆದುಹಾಕಿದರು. ಅವರು 2024ರಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಈ ಪಾವ್ ಭಾಜಿಯನ್ನು ನೆನಪಿಸಿಕೊಂಡವು. ನನಗೆ ಅದನ್ನು ಇಟ್ಟದ್ದಕ್ಕಿಂತ ತೆಗೆದದ್ದು ದೊಡ್ಡದಾಗಿ ಕಾಣುತ್ತದೆ. ದುಡ್ಡು ತರುತ್ತಿರುವ ತಿಂಡಿಯನ್ನು ನಿಲ್ಲಿಸಲು ಬೇಕಾದ ಎದೆ ಎಷ್ಟು ಜನರಿಗಿದೆ?

ಇನ್ನೊಂದು, ಮನೆಬಾಗಿಲಿಗೆ ಹೋಗುವುದು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟ್ ಅಂಗಡಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಅದರ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈ ವೈದ್ಯರು, ಕೈಮಗ್ಗದವರ ಸಂಕಷ್ಟ ಕಣ್ಣಾರೆ ಕಂಡವರು. ನೇಕಾರ, ಹೂವಿನವಳು, ಬೀಡಾ ಅಂಗಡಿಯವನು ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಾರೆಂಬುದು ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಕಟ್ಟುವುದು ಮಾತ್ರ ಕರ್ನಾಟಕದ ಪೇಟೆಬೀದಿಗಳಲ್ಲಿ ಇನ್ನೂ ನಡೆದಿದೆ, ಎಷ್ಟೋ ಸಹಕಾರಿ ಸಂಘಗಳ ಏಜೆಂಟರು ಸಂಜೆ ಯಂತ್ರ ಹಿಡಿದು ಬರುತ್ತಾರೆ. ನಾನು ಸಂಚಿಕೆ ಬರೆದ ಮನೆಗಳಲ್ಲಿ ಎಷ್ಟು ಜನ ಮೊದಲ ಬಂಡವಾಳ ಕೂಡಿಸಿದ್ದು ಪಿಗ್ಮಿಯಿಂದ! ಅದನ್ನು ಮಾತ್ರ ಯಾರೂ ಹೊಡೆದುಹಾಕಲಿಲ್ಲ. ಸಾಲಕ್ಕಿರುವ ನಾಚಿಕೆ ಉಳಿತಾಯಕ್ಕಿಲ್ಲ.

ಹುಬ್ಬಳ್ಳಿಯ ಕಡೆ ಮಾತು ಇನ್ನೂ ನೇರ. ಮೋಟರಿನ ಬಿಡಿಭಾಗ ಮಾರುವ ಹಿರಿಯರೊಬ್ಬರ ಮನೆಯಲ್ಲಿ ಕೂತಿದ್ದೆ. ಮೊದಲ ವರ್ಷಗಳು ಹೇಗೆ ನಡೆದವು ಎಂದಾಗ, "ದೇವರು ನಡೆಸಿದ" ಎಂದರು. ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಇಸವಿಗಳನ್ನು ತಿದ್ದುತ್ತಿದ್ದ ಅವರ ಹೆಂಡತಿ ಕೇಳಿದರು: "ಯಾವ ದೇವರು ರೀ? ಒಂದನೇ ತಾರೀಖಿಗೆ ಸಂಬಳ ಕೊಡುತ್ತಿದ್ದ ದೇವರೇ?" ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಅಂಗಡಿ ಲಾಭಕ್ಕೆ ಬರುವವರೆಗೆ ಮನೆ, ಅತ್ತೆಯ ಔಷಧ, ಮಕ್ಕಳ ಫೀಸು ಎಲ್ಲ ಸರಕಾರಿ ಸಂಬಳದಲ್ಲಿ. ಯಜಮಾನರು ನಕ್ಕರು, ಅಲ್ಲಗಳೆಯಲಿಲ್ಲ. ಆ ಸಾಲು ಅಚ್ಚಾಯಿತು ಕೂಡ, ಮಗಳು ಹಟ ಹಿಡಿದದ್ದರಿಂದ.

ಅದೇ ಸೀಮೆಯವರೇ ಆದ ವಿಜಯ ಸಂಕೇಶ್ವರರು ಗದಗಿನ ಮುದ್ರಣದ ಮನೆತನದವರು. ಮನೆಯವರಿಗೆ ಇಷ್ಟವಿಲ್ಲದಿದ್ದರೂ 1976ರಲ್ಲಿ ಒಂದೇ ಲಾರಿಯಿಂದ ಸಾಗಣೆಗೆ ಇಳಿದವರು. ಮುಂದೆ 1999ರಲ್ಲಿ ದಿನಪತ್ರಿಕೆ ಮಾಡಿದಾಗ ನಮ್ಮಂಥ ಪತ್ರಿಕೆಯವರು, ಲಾರಿಯವರಿಗೇಕೆ ಈ ಉಸಾಬರಿ ಎಂದುಕೊಂಡದ್ದುಂಟು. ಬೆಳಗಾಗುವುದರೊಳಗೆ ರಾಜ್ಯದ ಮೂಲೆ ಮೂಲೆಗೆ ಕಾಗದದ ಕಟ್ಟು ತಲುಪಿಸುವುದು ಲಾರಿಯವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ ಎಂಬುದು ಸುದ್ದಿಮನೆಯವರಿಗೆ ಹೊಳೆದದ್ದು ತಡವಾಗಿ.

ಈಗ ಬರೆಯಲು ಕಷ್ಟವಾಗುವ ಭಾಗ. ಚಿಕ್ಕಮಗಳೂರಿನ ಸಿದ್ಧಾರ್ಥ ಹೆಗ್ಡೆಯವರ ಬಗ್ಗೆ 1996ರಿಂದ, ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಂದಿನಿಂದ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಂದ ಬರಹಗಳಿಗೆ ಲೆಕ್ಕವಿಲ್ಲ. ಹೆಚ್ಚು ಮಾತನಾಡದ ಮನುಷ್ಯ ಎಂದು ಎಲ್ಲವೂ ಹೇಳುತ್ತಿದ್ದವು, ಅದನ್ನು ಗುಣವೆಂದೇ ಬರೆಯುತ್ತಿದ್ದವು. 2019ರ ಮಾರ್ಚಿನಲ್ಲಿ ಮೈಂಡ್‌ಟ್ರೀಯಲ್ಲಿದ್ದ ಪಾಲನ್ನು ಮೂರು ಸಾವಿರ ಕೋಟಿಗೂ ಮಿಕ್ಕಿ ಮಾರಿದರು. ಜುಲೈ 29ರ ಸಂಜೆ ಮಂಗಳೂರಿನ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು, ಎರಡು ದಿನದ ನಂತರ ಹೊಳೆಯಲ್ಲಿ ಶವ ಸಿಕ್ಕಿತು. ಅವರದೆಂದು ಹೊರಬಂದ ಪತ್ರದಲ್ಲಿ ಉದ್ಯಮಿಯಾಗಿ ಸೋತೆನೆಂಬ ಮಾತಿತ್ತು. ಸಾಲ ಕೊಟ್ಟವರ, ಖಾಸಗಿ ಹೂಡಿಕೆದಾರರೊಬ್ಬರ, ತೆರಿಗೆ ಇಲಾಖೆಯ ಒತ್ತಡದ ಮಾತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಲು. ತಮ್ಮ ವ್ಯವಹಾರಗಳ ಬಗ್ಗೆ ತಂಡಕ್ಕಾಗಲಿ, ಲೆಕ್ಕಪರಿಶೋಧಕರಿಗಾಗಲಿ, ಮನೆಯವರಿಗಾಗಲಿ ತಿಳಿದಿರಲಿಲ್ಲ, ಎಲ್ಲಕ್ಕೂ ತಾನೊಬ್ಬನೇ ಹೊಣೆ ಎಂದಿತ್ತು ಅದರಲ್ಲಿ.

ಯಾವ ಸಂದರ್ಶಕನೂ ಅದನ್ನು ಹೊರಗೆ ತರಬಹುದಿತ್ತು ಎಂದು ನಾನು ಹೇಳುವುದಿಲ್ಲ. ಕೇಳಿದ್ದರೂ ಹೇಳುತ್ತಿದ್ದರೆಂಬ ಭರವಸೆಯಿಲ್ಲ. ಒಬ್ಬ ಮನುಷ್ಯನ ಕೊನೆಗೆ ಒಂದೇ ಕಾರಣ ಹುಡುಕುವುದೂ ಸರಿಯಲ್ಲ. ಆದರೂ ಸಾಲವನ್ನು ಗುಟ್ಟಾಗಿ ಇಡಬೇಕಾದ ಸಂಗತಿ ಎಂದು ನಾವೆಲ್ಲರೂ ಸೇರಿ ನಂಬಿಸಿದ್ದೇವೆ. ಬಾಕಿಯ ಪುಟ ಹೊಡೆದುಹಾಕಿದ ಆ ಹೋಟೆಲಿನವರ ಮಗನೂ, ಅದನ್ನು ಒಪ್ಪಿ ಅಚ್ಚಿಗೆ ಕೊಡುವ ನಾನೂ. ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆಯವರು 2020ರ ಡಿಸೆಂಬರಿನಲ್ಲಿ ಕಂಪನಿಯ ಹೊಣೆ ಹೊತ್ತ ಮೇಲೆ ಸುದ್ದಿಯಲ್ಲಿ ಬಂದದ್ದೆಲ್ಲ ಸಾಲದ ಅಂಕಿಗಳೇ: ಇಷ್ಟಿತ್ತು, ಇಷ್ಟು ತೀರಿತು, ಇಷ್ಟು ಬಾಕಿ. ಆ ಕಂಪನಿಯ ಬಗ್ಗೆ ಬಂದ ಬರಹಗಳಲ್ಲಿ ನನಗೆ ಅವೇ ಹೆಚ್ಚು ಉಪಯುಕ್ತವಾಗಿ ಕಂಡವು.

ಈಚೆಗೆ ಯೂಟ್ಯೂಬಿನಲ್ಲಿ ಮೂರು ಮೂರು ಗಂಟೆಯ ಮಾತುಕತೆಗಳು ಬಂದಿವೆ. ಬೆಂಗಳೂರಿನದೇ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ಕಾಮತ್ ಸಹೋದರರಲ್ಲಿ ಕಿರಿಯವರು ಅಂಥದ್ದೊಂದನ್ನು ನಡೆಸುತ್ತಾರೆ. ತಾವು ಶಾಲೆ ಬಿಟ್ಟದ್ದು, ಕಾಲ್ ಸೆಂಟರಿನಲ್ಲಿ ದುಡಿದದ್ದು ಯಾವುದನ್ನೂ ಬಚ್ಚಿಡುವುದಿಲ್ಲ. ಹಿರಿಯರಾದ ನಿತಿನ್ 2024ರಲ್ಲಿ ತಮಗೆ ಲಘು ಪಾರ್ಶ್ವವಾಯು ಬಡಿದದ್ದನ್ನು ತಾವೇ ಬರೆದು ತಿಳಿಸಿದರು; ತಂದೆಯ ಸಾವು, ನಿದ್ದೆಗೇಡು, ದಣಿವು, ಅತಿಯಾದ ವ್ಯಾಯಾಮ ಹೀಗೆ ಇರಬಹುದಾದ ಕಾರಣಗಳನ್ನೂ ಪಟ್ಟಿ ಮಾಡಿದರು. ಜನರ ಹಣ ನಿಭಾಯಿಸುವ ಕಂಪನಿಯ ಮುಖ್ಯಸ್ಥ ತನ್ನ ಮೆದುಳಿನ ಬಗ್ಗೆ ಹಾಗೆ ಬರೆಯುವುದಕ್ಕೆ ಬೆಲೆ ತೆರಬೇಕಾಗಬಹುದಿತ್ತು. ಹೊರಗಿನ ಹೂಡಿಕೆದಾರರಿಂದ ಹಣ ತೆಗೆದುಕೊಳ್ಳದೆ ಬೆಳೆದ ಕಂಪನಿ ಅದು. ಮೇಲೆ ಕೇಳುವವರಿಲ್ಲದಿದ್ದರೆ ಬಾಯಿ ಸ್ವಲ್ಪ ಸಡಿಲವಾಗುತ್ತದೆ ಎಂಬುದೂ ಇರಬಹುದು. ಬೇರೆಯವರ ದುಡ್ಡಿನಲ್ಲಿ ನಡೆಯುವ ನವೋದ್ಯಮಗಳ ಹುಡುಗರು ಮಾತಿಗೆ ಕೂತಾಗ ನಾನು ಗಮನಿಸುವುದು ಇದನ್ನೇ: ಮುಚ್ಚಿದ ಕಂಪನಿಯ ಬಗ್ಗೆ ಧಾರಾಳವಾಗಿ ಮಾತನಾಡುತ್ತಾರೆ, ಈಗ ನಡೆಯುತ್ತಿರುವುದರ ಬಗ್ಗೆ ಜಾಹೀರಾತಿನ ಭಾಷೆಗೆ ಇಳಿಯುತ್ತಾರೆ. ಮೂರು ಗಂಟೆ ಕೊಟ್ಟರೂ ಅಷ್ಟೇ, ಮೂವತ್ತು ನಿಮಿಷ ಕೊಟ್ಟರೂ ಅಷ್ಟೇ.

ಕಾಲೇಜುಗಳಲ್ಲಿ ಮಾತಿಗೆ ಕರೆದರೆ ಹುಡುಗರು ಕೇಳುವುದು ಸಾಮಾನ್ಯವಾಗಿ ಒಂದೇ: ಕೆಲಸ ಬಿಟ್ಟು ಸ್ವಂತ ಶುರು ಮಾಡಲೇ ಸರ್? ಉತ್ತರ ಹೇಳುವ ಬದಲು ತಿರುಗಿ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಇನ್ನೊಂದು ಸಂಬಳವಿದೆಯೇ? ಅಪ್ಪನ ಹೆಸರಿನಲ್ಲಿ ಬಾಕಿಯಿರುವ ಸಾಲವೆಷ್ಟು? ಊರಿನಲ್ಲಿ ಬಾಡಿಗೆ ಕೊಡಬೇಕಿಲ್ಲದ ಮನೆ ಇದೆಯೇ? ತಂಗಿಯ ಮದುವೆ ಯಾವಾಗ? ಸಭೆಯಲ್ಲಿ ನಗು ಏಳುತ್ತದೆ. ಕೇಳಿದ ಹುಡುಗ ನಗುವುದಿಲ್ಲ, ಲೆಕ್ಕ ಹಾಕುತ್ತಿರುತ್ತಾನೆ. ಪ್ರಾಂಶುಪಾಲರಿಗೆ ನನ್ನ ಈ ಪ್ರಶ್ನೆಗಳು ಅಷ್ಟಾಗಿ ಹಿಡಿಸುವುದಿಲ್ಲ. ಸ್ಫೂರ್ತಿದಾಯಕವಾಗಿ ಏನಾದರೂ ಹೇಳಿ ಎಂದು ಚೀಟಿ ಕಳಿಸಿದವರೂ ಇದ್ದಾರೆ.

ಸದ್ಯ ಕೈಯಲ್ಲಿರುವ ಕೆಲಸ ಹತ್ತು ವರ್ಷ ತುಂಬಿದ ಸಣ್ಣ ಕಂಪನಿಯೊಂದರದು. ಅಡಿಕೆ ತೋಟಗಳಿಗೆ ಬೇಕಾದ ಯಂತ್ರಗಳನ್ನು ಮಾಡುತ್ತಾರೆ. ಯಜಮಾನಿ ಮಲೆನಾಡಿನ ಹೆಣ್ಣುಮಗಳು, ನಲವತ್ತರ ಆಸುಪಾಸು. ಮೊದಲ ಭೇಟಿಯಲ್ಲೇ, "ಸಾಲದ ಪುಟ ಪೂರ್ತಿ ಇರಬೇಕು ಸರ್, ಯಾರಿಂದ, ಎಷ್ಟು, ಬಡ್ಡಿ ಎಷ್ಟು, ಎಲ್ಲ" ಎಂದರು. ಬರೆದು ಕಳಿಸಿದೆ. ಸೊಸೈಟಿಯ ಸಾಲ, ಅತ್ತಿಗೆಯ ಕೈಗಡ, ಮಳೆಗಾಲದಲ್ಲಿ ಸಂಬಳ ಕೊಡಲಾಗದ ಎರಡು ತಿಂಗಳು, ವಾಪಸು ಬಂದ ಯಂತ್ರಗಳು. ಅವರು ಒಂದಕ್ಷರವನ್ನೂ ಹೊಡೆಯಲಿಲ್ಲ. ಅತ್ತಿಗೆಯ ಮೊತ್ತ ಕಡಿಮೆ ಬರೆದಿದ್ದೀರಿ ಎಂದು ತಿದ್ದಿ ಕಳಿಸಿದರು. ಈಗ ಅವರ ಲೆಕ್ಕಪರಿಶೋಧಕರು ತಕರಾರು ತೆಗೆದಿದ್ದಾರೆ: ಬ್ಯಾಂಕಿನಲ್ಲಿ ಹೊಸ ಸಾಲದ ಅರ್ಜಿ ಇರುವಾಗ ಈ ಪುಸ್ತಕ ಶಾಖಾ ವ್ಯವಸ್ಥಾಪಕರ ಕೈಗೆ ಸಿಕ್ಕರೆ ಹೇಗೆ? ಸಿಗಲೆಂದೇ ಮಾಡಿಸುತ್ತಿರುವುದು ಎನ್ನುತ್ತಾರೆ ಆಕೆ. ಇಬ್ಬರ ನಡುವೆ ಮಾತು ನಡೆದಿದೆ, ಅಚ್ಚಿನ ಮನೆಯವನು ನನಗೆ ದಿನಾ ಫೋನ್ ಮಾಡುತ್ತಿದ್ದಾನೆ.